ಆಣೆ ಮಾಡಿಸಿದವನಿಗೆ

ಸಿಂಧನೂರು
27 ಜನವರಿ 2026

ಲೇ ಪಂಪಾಪತಿ,

ನಾನು ಕೊನೆಯ ಸಲ ಕಾಗದ ಬರೆದದ್ದು ಎಂಟನೇ ತರಗತಿಯ ಪರೀಕ್ಷೆಯಲ್ಲಿ, ಮೂರು ದಿನ ರಜೆ ಕೋರಿ ಮುಖ್ಯೋಪಾಧ್ಯಾಯರಿಗೆ. ಹಾಗಾಗಿ ಪೆನ್ನು ಹಿಡಿದರೆ ಪರೀಕ್ಷೆಯ ಕನ್ನಡವೇ ಬರುತ್ತದೆ, ನಗಬೇಡ. ನಿನ್ನ ಫೋನ್ ನಿಮ್ಮಪ್ಪನ ಬೀರುವಿನಲ್ಲಿದೆ. ಗುರುಗುಂಟಾದಲ್ಲಿ ನಿನ್ನನ್ನು ಇಟ್ಟುಕೊಂಡಿರುವ ನಿಮ್ಮತ್ತೆಗೆ ಫೋನ್ ಹಚ್ಚಿದರೆ "ಆ ರೂಮಿನವರ ಸಂಗಾಟ ಮಾತಿಲ್ಲಂತಪಾ" ಎಂದು ಇಟ್ಟುಬಿಡುತ್ತಾರೆ. ಕಾಗದಕ್ಕೆ ಮಾತ್ರ ಯಾರೂ ಅಡ್ಡಿ ಹೇಳಿಲ್ಲ. ಈ ಕಾಲದಲ್ಲೂ ಕಾಗದ ಬರೆಯುವವರಿದ್ದಾರೆ ಎಂದು ನಿಮ್ಮಪ್ಪನಿಗೆ ಹೊಳೆದಿರಲಿಕ್ಕಿಲ್ಲ.

ನಿನ್ನ ಗಾದಿ ಹಾಗೇ ಇದೆ. ಅಯ್ಯಪ್ಪ ಅದರ ಮೇಲೆ ತನ್ನ ಪುಸ್ತಕ ಪೇರಿಸಿದ್ದಾನೆ. ಕ್ಲಾಸಿನಲ್ಲಿ ಕೇಳಿದವರಿಗೆಲ್ಲ ನಿನಗೆ ಜ್ವರ ಎಂದು ಹೇಳಿದ್ದೇವೆ. ಇನ್ನೂ ಎಷ್ಟು ದಿನ ಜ್ವರ ಇರುತ್ತದೋ ನೀನೇ ಹೇಳಬೇಕು.

ಅವತ್ತು ನಿಮ್ಮಪ್ಪ ಅಮರಗುಂಡಪ್ಪನವರು ಲಿಂಗಸುಗೂರಿನ ಅಂಗಡಿ ಮುಚ್ಚಿ ಬಂದು ನಮ್ಮ ರೂಮಿನ ಬಾಗಿಲಲ್ಲಿ ನಿಂತದ್ದು ಕಣ್ಣಿಗೆ ಕಟ್ಟಿದಂತಿದೆ. ಕಾಲೇಜಿನ ಫೀಸು ಪೂರ್ತಿ ಕ್ರಿಕೆಟ್ ಬೆಟ್ಟಿಂಗಿಗೆ ಹೋಗಿದೆ ಎಂದು ಆಗಷ್ಟೇ ತಿಳಿದಿತ್ತು. "ಒಂದ ಖೋಲಿಯಾಗ ಮೂರು ಮಂದಿ ಇದ್ದು, ಒಬ್ಬರಿಗೂ ಗೊತ್ತಾಗಲಿಲ್ಲೇನ್ರೋ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ನಮಗೆ ಗೊತ್ತಿತ್ತು.

ಆದರೂ ನನಗೀಗ ಧೈರ್ಯವಿದೆ. ನೀನು ಹೋಗುವಾಗ ಬಸ್ ಸ್ಟ್ಯಾಂಡಿನಲ್ಲಿ ನನ್ನ ತಲೆಯ ಮೇಲೆ ಕೈ ಇಡಿಸಿ, ನಿಮ್ಮ ಮನೆದೇವರು ಅಮರೇಶ್ವರನ ಹೆಸರು ಹೇಳಿಸಿ, 'ಮತ್ತ ಆಡಿದ್ರ ಭೀಮೇಶನ ಜೀವಕ್ಕ ಬರಲಿ' ಎಂದು ಆಣೆ ಮಾಡಿಸಿಕೊಂಡೆನಲ್ಲ. ನಮ್ಮ ಮನೆಯಲ್ಲಿ ಇಂಥದ್ದೆಲ್ಲ ನಡೆಯುವುದಿಲ್ಲ. ನಮ್ಮವ್ವ ಕೇಳಿದ್ದರೆ ಬುದ್ಧನ ಫೋಟೋದ ಮುಂದೆ ನಿಲ್ಲಿಸಿ ಬೈಯುತ್ತಿದ್ದಳು. ಆದರೆ ನೀನು ನಂಬುವವ. ನಂಬುವವನನ್ನು ಅವನ ನಂಬಿಕೆಯಿಂದಲೇ ಕಟ್ಟಿಹಾಕಬೇಕೆಂದು ನನ್ನ ಲೆಕ್ಕ.

ಉತ್ತರ ಬರೆ.
ಭೀಮೇಶ


ಗುರುಗುಂಟಾ
4 ಫೆಬ್ರವರಿ 2026

ಭೀಮೇಶ,

ಕಾಗದ ಮುಟ್ಟಿತು. ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ "ಕೋರ್ಟಿಂದೇನಲೇ?" ಎಂದಳು. ಅವಳಿಗೆ ಓದಲು ಬರುವುದಿಲ್ಲ. ಗೆಳೆಯನದು ಎಂದೆ. "ಕಾಗದ ಬರಿಯೋ ಗೆಳ್ಯಾ ಅಂದ್ರ ಅವಾ ಚಲೋನ ಇರಬೇಕು ಬಿಡು" ಎಂದು ಗಿರಣಿಯೊಳಗೆ ಹೋದಳು.

ಬೆಳಗ್ಗೆ ಎಂಟಕ್ಕೆ ಹಿಟ್ಟಿನ ಗಿರಣಿ ಹಚ್ಚುತ್ತೇವೆ. ಮೊದಲು ಜೋಳ, ಆಮೇಲೆ ಗೋಧಿ, ಯಾರಾದರೂ ಖಾರ ತಂದರೆ ಅದು ಕೊನೆಗೆ. ಮಾವ ತೀರಿಕೊಂಡ ಮೇಲೆ ಅತ್ತೆ ಒಬ್ಬಳೇ ಇದನ್ನು ನಡೆಸಿದ್ದಾಳೆ. ಬೀಸಲು ಬಂದವರು "ಕಾಲೇಜು ಬಿಟ್ಟೇನಪಾ?" ಎಂದು ಕೇಳುತ್ತಾರೆ. ರಜೆ ಎನ್ನುತ್ತೇನೆ. ಯಾವ ರಜೆ ಎಂದು ಯಾರೂ ಕೇಳುವುದಿಲ್ಲ. ಎಲ್ಲರಿಗೂ ಗೊತ್ತಿದೆ ಅಂತ ಕಾಣುತ್ತದೆ.

ಅಪ್ಪ ವಾರಕ್ಕೊಮ್ಮೆ ಬರುತ್ತಾನೆ. ನಾನು ಎದುರಿಗೇ ನಿಂತಿದ್ದರೂ "ಅವಾ ಉಂಡಾನೇನು?" ಎಂದು ಅತ್ತೆಯನ್ನು ಕೇಳುತ್ತಾನೆ. ಬೈದಿದ್ದರೆ ಚಲೋ ಇತ್ತು.

ಇನ್ನೊಂದು ಮಾತು. ಈಗ ಗಿರಣಿಗೆ ಬಂದವರೆಲ್ಲ ಫೋನಿನಲ್ಲೇ ದುಡ್ಡು ಹಾಕುತ್ತಾರೆ. ಅತ್ತೆಗೆ ನೋಡಲು ಬಾರದ್ದರಿಂದ ಅವಳ ಫೋನ್ ದಿನವಿಡೀ ನನ್ನ ಕೈಯಲ್ಲಿರುತ್ತದೆ. ಅಪ್ಪ ಬಂದಾಗಲೊಮ್ಮೆ ಅದರಲ್ಲಿ ಯಾರ್ಯಾರಿಗೆ ಫೋನ್ ಹೋಗಿದೆ ಎಂದು ನೋಡುತ್ತಾನೆ, ನಿಮ್ಮಿಬ್ಬರ ನಂಬರ್ ಇರಬಾರದಂತೆ. ಉಳಿದದ್ದನ್ನು ನೋಡಬೇಕೆಂದು ಅವನಿಗೆ ಗೊತ್ತಿಲ್ಲ. ಫೋನ್ ಕೈಯಲ್ಲಿದ್ದರೆ ಬೆರಳು ಎಲ್ಲಿಗೆ ಹೋಗುತ್ತದೆ ಎಂದು ನಿನಗೆ ಗೊತ್ತಲ್ಲ. ಸುಮ್ಮನೆ ಹೇಳಿದೆ ಅಂದುಕೋ.

ನಿನಗೆ ನಿದ್ದೆ ಬರುತ್ತದೇನು? ನನಗೆ ಬರುತ್ತಿಲ್ಲ.

ಪಂಪಾಪತಿ


ಸಿಂಧನೂರು
11 ಫೆಬ್ರವರಿ 2026

ಗಿರಣಿ ಸಾಹುಕಾರರಿಗೆ,

ನಿದ್ದೆಯ ಸುದ್ದಿ ನನ್ನನ್ನು ಕೇಳುತ್ತೀಯಲ್ಲ! ಇತಿಹಾಸದ ಕ್ಲಾಸಿನಲ್ಲಿ ಕಣ್ಣು ಬಿಟ್ಟುಕೊಂಡೇ ಮಲಗುವವ ನಾನು. ಹಿಟ್ಟಿನ ಚೀಲ ಹೊತ್ತರೆ ನಿನಗೂ ತಾನೇ ಬರುತ್ತದೆ.

ಫೋನಿನ ಫಿಕರ್ ಬಿಡು. ಆಣೆ ಇದೆಯಲ್ಲ, ಅದನ್ನು ನೆನೆಸಿಕೋ, ಬೆರಳು ಅಲ್ಲೇ ನಿಲ್ಲುತ್ತದೆ. ನನ್ನ ಜೀವದ ಮೇಲೆ ನೀನು ಆಡುವವನಲ್ಲ, ಇಷ್ಟು ನನಗೆ ಗೊತ್ತು.

ಮೊನ್ನೆ ಕಾಲೇಜಿನಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಭಾಷಣವಿತ್ತು. ಕೊನೆಗೆ ಪ್ರಶ್ನೆ ಕೇಳಿ ಎಂದರು. ಹುಡುಗಿಯರ ಕಡೆಯಿಂದ ನಾಲ್ಕು ಬಂದವು. ನಮ್ಮ ಕಡೆಯಿಂದ ಒಂದೂ ಇಲ್ಲ. "ಗಂಡುಹುಡುಗರಿಗೆ ಏನೂ ತೊಂದರೆ ಇಲ್ಲೇನ್ರಪಾ?" ಎಂದು ಬಂದಿದ್ದ ಮೇಡಂ ಕೇಳಿದರು. ಹಿಂದಿನ ಬೆಂಚಿನಿಂದ ಯಾರೋ "ಮೆಸ್ಸಿನ ಸಾರು, ಮೇಡಂ" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಮನಸ್ಸಿಗೆ ತ್ರಾಸಾದರೆ 14416ಕ್ಕೆ ಫೋನ್ ಮಾಡಿ ಎಂದು ಬೋರ್ಡಿನ ಮೇಲೆ ಬರೆದರು. ಅಯ್ಯಪ್ಪ ಅದನ್ನು ಅಂಗೈ ಮೇಲೆ ಬರೆದುಕೊಂಡ. ಯಾಕಲೇ ಎಂದರೆ "ಇರಲಿ ಬಿಡು" ಎಂದ.

ಭೀಮೇಶ


ಗುರುಗುಂಟಾ
15 ಫೆಬ್ರವರಿ 2026, ಶಿವರಾತ್ರಿ

ಭೀಮೇಶ,

ಇದನ್ನು ನಾನು ನಿನಗೆ ಕಳಿಸುವುದಿಲ್ಲ. ಬರೆದು ಟ್ರಂಕಿನ ತಳಕ್ಕೆ ಹಾಕುತ್ತೇನೆ.

ಇವತ್ತು ಮಧ್ಯಾಹ್ನ ಆಡಿದೆ. ಉಪವಾಸವಿದ್ದೆ. ಗಿರಣಿ ಬಂದ್ ಇತ್ತು, ಅತ್ತೆ ಗುಡಿಗೆ ಹೋಗಿದ್ದಳು, ಫೋನ್ ಚಾರ್ಜಿಗೆ ಹಾಕಿತ್ತು. ಆ ಆ್ಯಪುಗಳೆಲ್ಲ ಬಂದ್ ಆದವೆಂದು ಪೇಪರಿನಲ್ಲಿ ಬಂದಿತ್ತಲ್ಲ, ಹೊಸ ಲಿಂಕು ಹುಡುಕಲು ನನಗೆ ಹತ್ತು ನಿಮಿಷವೂ ಹಿಡಿಯಲಿಲ್ಲ.

ಗೆಲ್ಲಬೇಕೆಂದು ಆಡಿದ್ದಲ್ಲ. ಆಡುವಷ್ಟು ಹೊತ್ತು ತಲೆಯಲ್ಲಿ ಅಪ್ಪ ಇರುವುದಿಲ್ಲ, ಕಾಲೇಜು ಇರುವುದಿಲ್ಲ, ನಾನೂ ಇರುವುದಿಲ್ಲ. ಒಂದೂವರೆ ತಾಸು ಹಾಗೆ ಹೋಯಿತು. ಆಮೇಲೆ ಎಲ್ಲವೂ ತಿರುಗಿ ಬಂತು. ಗಿರಣಿಗೆ ಹೊಸ ಬೆಲ್ಟ್ ಹಾಕಿಸಲು ಅತ್ತೆ ಕೂಡಿಟ್ಟಿದ್ದು ಖಾಲಿಯಾಗಿತ್ತು.

ಅದಕ್ಕಿಂತ ದೊಡ್ಡದು ಬೇರೆ ಇದೆ. ನಿನ್ನ ತಲೆಯ ಮೇಲೆ ಕೈ ಇಟ್ಟು ಹೇಳಿದ್ದೆ. ಅಮರೇಶ್ವರಾ, ಅವನಿಗೇನೂ ಆಗದಿರಲಿ, ಆಗುವುದಿದ್ದರೆ ನನಗಾಗಲಿ ಎಂದು ಕೈ ಮುಗಿದು ಕೂತೆ. ಇದನ್ನು ನಿನಗೆ ಯಾವ ಬಾಯಿಂದ ಹೇಳಲಿ? ನಿನ್ನ ಜೀವವನ್ನೇ ಹಚ್ಚಿ ಆಡಿ ಬಂದೆನೆಂದು ಬರೆಯಲೇ?

ಪಂ.


ಗುರುಗುಂಟಾ
20 ಫೆಬ್ರವರಿ 2026

ಭೀಮೇಶ,

ನಾನು ಚೆನ್ನಾಗಿದ್ದೇನೆ. ಗಿರಣಿಯ ಬೆಲ್ಟ್ ಹಳೆಯದಾಗಿ ಎರಡು ದಿನ ಕೆಲಸ ನಿಂತಿತ್ತು. ಬೇರೇನೂ ಸುದ್ದಿ ಇಲ್ಲ.

ನಿನ್ನ ಆರೋಗ್ಯ ಹೇಗಿದೆ? ಜ್ವರ, ತಲೆನೋವು ಏನಾದರೂ ಬಂದಿತ್ತೇ? ಬೈಕ್ ಮೆಲ್ಲಗೆ ಓಡಿಸು. ಈ ಕಾಗದ ಕಂಡ ಕೂಡಲೇ ಬರೆ, ಒಂದೇ ಸಾಲು ಸಾಕು.

ಪಂಪಾಪತಿ


ಸಿಂಧನೂರು
26 ಫೆಬ್ರವರಿ 2026

ಲೇ ಪಂಪಾಪತಿ,

ಅಕ್ಷರ ನೋಡಿ ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ಅಯ್ಯಪ್ಪ ಬರೆಯುತ್ತಿದ್ದಾನೆ. ವಾಲಿಬಾಲ್ ಆಡುವಾಗ ಬೆರಳು ಉಳುಕಿದೆ, ಅಷ್ಟೇ.

ನಿನ್ನ ಕಾಗದ ನಮ್ಮಜ್ಜಿ ಪೀರಮ್ಮ ಬರೆಸಿದಂತಿದೆಯಲ್ಲೋ, ಜ್ವರ ಬಂತಾ, ತಲೆ ನೋಯಿತಾ ಎಂದು! ಗಿರಣಿಯಲ್ಲಿ ಕೂತು ಮುದುಕಿಯರ ಸಂಗ ಹೆಚ್ಚಾಗಿರಬೇಕು. ನನ್ನ ಚಿಂತೆ ಬಿಡು. ಮುಂದಿನ ತಿಂಗಳು ಪರೀಕ್ಷೆಯ ಫಾರ್ಮ್ ತುಂಬಬೇಕು, ಅಷ್ಟರಲ್ಲಿ ನಿಮ್ಮಪ್ಪನನ್ನು ಒಪ್ಪಿಸಿಕೊಂಡು ಬಾ.

ಭೀಮೇಶ

ಪಂಪಾಪತಿ, ಇದು ಅಯ್ಯಪ್ಪನೇ ಬರೆಯುತ್ತಿರುವುದು. ಭೀಮೇಶ ಚಹಾಕ್ಕೆ ಕೆಳಗಿಳಿದಿದ್ದಾನೆ. ನಿನಗೆ ಸುಳ್ಳು ಬರೆದು ಕಳಿಸಲು ನನಗೆ ಮನಸ್ಸಾಗಲಿಲ್ಲ. ಬೆರಳಲ್ಲ, ಅವನ ಬಲಗೈ ಮುರಿದಿದೆ. ತಲೆಗೆ ಆರು ಹೊಲಿಗೆ. ಶಿವರಾತ್ರಿಯ ಮರುದಿನ ಸೋಮವಾರ ಗೊರೇಬಾಳದ ಹತ್ತಿರ ಬೈಕ್ ಜಾರಿತು. ಈಗ ಆರಾಮಿದ್ದಾನೆ. ನಾನು ಹೇಳಿದೆನೆಂದು ಅವನಿಗೆ ಹೇಳಬೇಡ.


ಸಿಂಧನೂರು
16 ಮಾರ್ಚ್ 2026

ಪಂಪಾಪತಿ,

ಇದು ನನ್ನ ಎಡಗೈ ಅಕ್ಷರ, ಕೋಳಿ ಕೆದರಿದಂತಿದೆ. ಅಯ್ಯಪ್ಪನಿಂದ ಬರೆಸಿದರೆ ಅವನೆದುರು ಎಲ್ಲ ಹೇಳಲಾಗುವುದಿಲ್ಲ.

ನಿನ್ನ ಕಾಗದ ಬಂದು ತಿಂಗಳಾಗುತ್ತ ಬಂತು. ದಿನಾ ಕೆಳಗಿನ ಮನೆಯ ಅಖ್ತರಬೇಗಂ ಅವರನ್ನು "ಏನಾರ ಬಂದದೇನ್ರಿ?" ಎಂದು ಕೇಳುತ್ತೇನೆ, ಅವರು "ಇಲ್ಲ ಬೇಟಾ" ಎನ್ನುತ್ತಾರೆ. ನೀನು ಆರಾಮಾಗಿದ್ದೀಯ ಅಂತ ಕಾಣುತ್ತದೆ. ಆರಾಮಾದವರಿಗೆ ಹಳೇ ರೂಮು ಯಾಕೆ ಬೇಕು? ಇರಲಿ, ಸಂತೋಷ.

ನನಗೂ ಒಂದೆರಡು ಮಾತು ಹೇಳಿಕೊಳ್ಳುವುದಿತ್ತು. ನಿನಗೇ ಬರೆಯೋಣವೆಂದಿದ್ದೆ. ನಿನ್ನ ಕಡೆಯಿಂದ ಹೂಂ ಇಲ್ಲ, ಊಹೂಂ ಇಲ್ಲ. ಇನ್ನು ಯಾರಿಗೆ ಹೇಳಲಿ?

ಭೀಮೇಶ


ಗುರುಗುಂಟಾ
21 ಮಾರ್ಚ್ 2026

ಭೀಮೇಶ,

ಇನ್ನು ಮೇಲೆ ನನಗೆ ಕಾಗದ ಬರೆಯಬೇಡ. ಸಿಟ್ಟಿಲ್ಲ. ನನ್ನಿಂದ ದೂರವಿದ್ದಷ್ಟೂ ನಿನಗೆ ಒಳ್ಳೆಯದು.

ಫೆಬ್ರವರಿ ಹದಿನೈದಕ್ಕೆ ನಾನು ಆಡಿದೆ. ಹದಿನಾರಕ್ಕೆ ನೀನು ಬಿದ್ದೆ. ಅಯ್ಯಪ್ಪ ಬರೆದಿದ್ದ, ಅವನನ್ನು ಬೈಯಬೇಡ. ಕೈ ಇಟ್ಟದ್ದು ತಲೆಯ ಮೇಲೆ, ಪೆಟ್ಟಾದದ್ದೂ ತಲೆಗೇ. ಇಷ್ಟಾದರೂ ನಾನು ನಿಲ್ಲಿಸಲಿಲ್ಲ. ಇನ್ನೂ ಎರಡು ಸಲ ಆಡಿದೆ. ಆಡಿದ ಮೇಲೆ ನಿನ್ನ ಸುದ್ದಿ ಏನು ಬರುತ್ತದೋ ಎಂದು ಅಂಚೆಯವನ ದಾರಿ ನೋಡುತ್ತ ಕೂಡುತ್ತಿದ್ದೆ. ಅವನು ಗಿರಣಿ ದಾಟಿ ಹೋದರೆ, ಇವತ್ತು ನೀನು ಬದುಕಿದ್ದೀ ಎಂದು ಲೆಕ್ಕ.

ನನಗೆ ಸಾಕಾಗಿದೆ. ಬಿಡುತ್ತೇನೆಂದು ಇನ್ನೊಮ್ಮೆ ಹೇಳಲು ಬಾಯಿ ಉಳಿದಿಲ್ಲ. ಆಣೆ ಮಾಡಿದವನೇ ಇಲ್ಲದಿದ್ದರೆ ಆ ಆಣೆ ಯಾರಿಗೂ ತಟ್ಟುವುದಿಲ್ಲ ಎಂದು ಈಚೆಗೆ ಬಹಳ ಅನಿಸುತ್ತದೆ.

ನನ್ನ ಪುಸ್ತಕಗಳನ್ನು ಅಯ್ಯಪ್ಪನಿಗೆ ಕೊಡು.

ಪಂಪಾಪತಿ


ಲಿಂಗಸುಗೂರು ಬಸ್ಸು
25 ಮಾರ್ಚ್ 2026

ಲೇ ಪಂಪ್ಯಾ,

ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ, ಮಸ್ಕಿ ದಾಟಿದೆ. ನಿನ್ನೆದುರು ಬಂದರೆ ನಾನು ಏನಾದರೂ ಚೇಷ್ಟೆ ಮಾಡಿ ಮಾತು ತಪ್ಪಿಸಿಬಿಡುತ್ತೇನೆ, ನನ್ನ ಗುಣ ನಿನಗೆ ಗೊತ್ತು. ಅದಕ್ಕೇ ಇದನ್ನು ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವ ತನಕ ಗಿರಣಿಯ ಹೊರಗೆ ಕೂಡುತ್ತೇನೆ.

ನಿನ್ನ ಕಾಗದ ನಿನ್ನೆ ಬಂತು. ಓದಿದ ಕೂಡಲೇ ನಿಮ್ಮಕ್ಕ ರಾಜಶ್ರೀಗೆ ಫೋನ್ ಹಚ್ಚಿದೆ. ಅವರು ನಿಮ್ಮತ್ತೆಗೆ ಹೇಳಿದರು. ನಿನ್ನೆಯಿಂದ ಅತ್ತೆ ನಿನ್ನ ಬೆನ್ನು ಬಿಡದೆ ತಿರುಗುತ್ತಿರುವುದು ಗಿರಣಿಯ ಕೆಲಸಕ್ಕಲ್ಲ. ಆಮೇಲೆ ಆ 14416ಕ್ಕೆ ಮಾಡಿದೆ. ಏನು ಮಾತಾಡಬೇಕೆಂದು ತಿಳಿಯದೆ "ನಮ್ಮ ಗೆಳ್ಯಾ ಹಿಂಗ ಬರದಾನ್ರಿ" ಎಂದು ನಿನ್ನ ಕಾಗದವನ್ನೇ ಓದಿದೆ. ಓದುತ್ತ ಓದುತ್ತ ಅಳು ಬಂತು, ನಾಚಿಕೆಯಾಯಿತು. ಅವರು ಅವಸರ ಮಾಡಲಿಲ್ಲ. ಅವನನ್ನು ಒಬ್ಬನೇ ಬಿಡಬೇಡಿ, ಸಾಯುವ ವಿಚಾರ ಬರುತ್ತದೇನು ಎಂದು ನೇರವಾಗಿ ಕೇಳಿ, ಕೇಳಿದರೆ ಏನೂ ಕೆಡುವುದಿಲ್ಲ ಎಂದರು. ಅದಕ್ಕೆ ಕೇಳುತ್ತಿದ್ದೇನೆ. ಬರ್ತದೇನು ಪಂಪ್ಯಾ? ಹೌದಾದರೂ ಹೇಳು, ಅಲ್ಲವಾದರೂ ಹೇಳು. ನಾನು ಎದ್ದು ಹೋಗುವುದಿಲ್ಲ.

ಇನ್ನು ನಾನು ಬಿದ್ದದ್ದು. ಗೊರೇಬಾಳದಲ್ಲಿ ಭತ್ತದ ನಾಟಿಯ ಹಂಗಾಮು, ಗದ್ದೆಯಿಂದ ಟ್ರ್ಯಾಕ್ಟರ್ ಹತ್ತಿ ರೋಡಿನ ತುಂಬ ಕೆಸರು ಮಾಡಿತ್ತು. ಆ ವಾರ ಅಲ್ಲಿ ನನ್ನ ಸಮೇತ ಮೂವರು ಬಿದ್ದಿದ್ದಾರೆ. ಒಬ್ಬರು ಹಾಜಿರಾಬೀ ಎಂಬ ಮುದುಕಿ, ಮಗನ ಬೈಕಿನ ಹಿಂದೆ ಕೂತಿದ್ದರು. ಅವರ ತಲೆಯ ಮೇಲೆ ನೀನು ಯಾವಾಗ ಕೈ ಇಟ್ಟಿದ್ದೆ, ಹೇಳು ನೋಡೋಣ?

ಇನ್ನೂ ಒಂದಿದೆ. ನಾನು ತೂಕಡಿಸುತ್ತ ಓಡಿಸುತ್ತಿದ್ದೆ. ನೀನು ಹೋದಾಗಿನಿಂದ ನನಗೂ ಸರಿಯಾಗಿ ನಿದ್ದೆ ಇಲ್ಲ. ನೀನು ಕೇಳಿದಾಗ ನಗೆಯಾಡಿದೆ. ಒಂದು ತಿಂಗಳಿಂದ ಕ್ಲಾಸಿಗೆ ಹೋಗಿಲ್ಲ, ಕೈಯ ನೆಪ ಹೇಳುತ್ತೇನೆ. ಮಸ್ಕಿಯಲ್ಲಿ ನಮ್ಮವ್ವ ಮಗ ಓದುತ್ತಿದ್ದಾನೆಂದು ಆಫೀಸಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಮಗ ಗೋಡೆಗೆ ಮುಖ ಮಾಡಿ ಬಿದ್ದಿರುತ್ತಾನೆ. ಈಗ ಬಸ್ಸು ಮಸ್ಕಿಯಲ್ಲಿ ಹತ್ತು ನಿಮಿಷ ನಿಂತಿತ್ತು, ಇಳಿದು ಹೋಗಿ ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಇನ್ನು ಪರೀಕ್ಷೆಯ ಕನ್ನಡ ಸಾಕು. ಖರೆ ಹೇಳ್ತೀನಿ, ಕೇಳು. ಆಣಿ ನಾ ನಂಬೂದಿಲ್ಲ. ನೀ ನಂಬ್ತಿ ಅಂತ ಗೊತ್ತಿದ್ದ ಮಾಡಿಸಿದೆ. ಯಾಕ ಗೊತ್ತೇನು? ಆಣಿ ಮಾಡಿಸಿದ್ರ ದಿನಾ ನಿನ್ನ ಕೇಳೂದು ತಪ್ಪತದ ಅಂತ. 'ಇವತ್ತ ಹೆಂಗಿದ್ದಿ, ಆಡಿದೇನು' ಅಂತ ದಿನಾ ಕೇಳಾಕ ನಂಗ ಬ್ಯಾಸರ ಆಗಿತ್ತು. ಒಂದ ಸಲ ತಲಿ ಮ್ಯಾಲ ಕೈ ಇಡಿಸಿ ನನ್ನ ಕೆಲಸ ಮುಗಿಸ್ಕೊಂಡೆ. ನೀ ಫೋನಿನ ಸುದ್ದಿ ಬರದಾಗೂ ಆಣಿ ಐತಲ್ಲ ಅಂತ ಕೈ ತೊಳ್ಕೊಂಡೆ. ನಿನ್ನ ಬಾಯಿ ಮುಚ್ಚಿಸಿದವಾ ನಾನ. ತಪ್ಪು ನಂದು.

ಆ ಆಣೆಯನ್ನು ಇವತ್ತು ಬಿಡಿಸಿಬಿಡೋಣ. ಬಿಡಿಸುವ ಪದ್ಧತಿ ಏನಿದೆಯೋ ಅತ್ತೆಯನ್ನು ಕೇಳು. ಕಾಯಿ ಒಡೆಯಬೇಕೆಂದರೆ ಒಡೆಯೋಣ, ನಮ್ಮವ್ವನಿಗೆ ಮಾತ್ರ ಹೇಳಬೇಡ. ಇನ್ನೊಂದು ಆಣೆ ಬೇಡ. ಆಡಿದರೆ ಆಡಿದೆ ಎನ್ನು, ಆಡದಿದ್ದರೆ ಇಲ್ಲ ಎನ್ನು. ಕ್ಲಾಸಿಗೆ ಹೋದೆನೋ ಇಲ್ಲವೋ ನಾನೂ ಬರೆಯುತ್ತೇನೆ. ನಾಡಿದ್ದು ಶುಕ್ರವಾರ ಲಿಂಗಸುಗೂರಿನ ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರುತ್ತಾರಂತೆ. ಇಬ್ಬರೂ ಚೀಟಿ ಮಾಡಿಸೋಣ.

ಓದಿದ್ದಾದರೆ ಹೊರಗೆ ಬಾ.

ಭೀಮ್ಯಾ


ಗುರುಗುಂಟಾ
28 ಮಾರ್ಚ್ 2026

ಭೀಮೇಶ,

ಅವತ್ತು ನಿನ್ನೆದುರು ಹೌದು ಎಂದಿದ್ದೆ. ನಿನ್ನೆ ಡಾಕ್ಟರ ಮುಂದೆಯೂ ಹೌದು ಎಂದೆ. ಎರಡನೇ ಸಲ ಸ್ವಲ್ಪ ಸುಲಭವಾಯಿತು. ಗುಳಿಗೆ ಅತ್ತೆಯ ಕೈಯಲ್ಲಿವೆ, ಫೋನೂ ಅವಳ ಸೊಂಟದ ಸಂಚಿಯಲ್ಲಿದೆ. ಬೆಲ್ಟಿನ ದುಡ್ಡು ನಾನು ಆಡಿ ಕಳೆದದ್ದನ್ನು ಅವಳಿಗೂ ಅಪ್ಪನಿಗೂ ಹೇಳಿದೆ. ನೀನು ಚೀಟಿಯ ಸಾಲಿನಲ್ಲಿದ್ದಾಗ ಅಪ್ಪ ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದ. ಸ್ವಲ್ಪ ಹೊತ್ತಾದ ಮೇಲೆ "ಉಂಡಿಯೇನು?" ಎಂದು ನನ್ನನ್ನೇ ಕೇಳಿದ.

ಆಡಿಲ್ಲ.

ಪಂ.


ಸಿಂಧನೂರು
6 ಏಪ್ರಿಲ್ 2026

ಪಂಪ್ಯಾ,

ಇವತ್ತು ಎರಡು ಕ್ಲಾಸಿಗೆ ಹೋದೆ. ಮೂರನೆಯದಕ್ಕೆ ಕೂಡಲಾಗಲಿಲ್ಲ, ಎದ್ದು ಬಂದೆ. ಭಾನುವಾರ ಮಸ್ಕಿಗೆ ಹೋಗಿ ಅವ್ವನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. "ನಾ ಕೇಳಬೇಕಾಗಿತ್ತು" ಎಂದು ಅತ್ತಳು. ನಿನ್ನ ಗಾದಿಯಿಂದ ಅಯ್ಯಪ್ಪನ ಪುಸ್ತಕ ತೆಗೆಸಿದ್ದೇನೆ. ಅವಸರವಿಲ್ಲ.

ಭೀ.


ಗುರುಗುಂಟಾ
23 ಏಪ್ರಿಲ್ 2026

ಭೀಮ್ಯಾ,

ಇವತ್ತು ಮಧ್ಯಾಹ್ನ ಆಡಿದೆ.

ಇಪ್ಪತ್ತೆಂಟು ದಿನ ಮುಟ್ಟಿರಲಿಲ್ಲ. ಅತ್ತೆ ರೊಟ್ಟಿಗೆ ಕೂಡುವಾಗ ಸಂಚಿಯಿಂದ ಫೋನ್ ತೆಗೆದು ಗೂಡಿನಲ್ಲಿಟ್ಟಿದ್ದಳು. ಹತ್ತು ನಿಮಿಷ ಆಡಿ ನಿಲ್ಲಿಸಿದೆ. ನಿಲ್ಲಿಸಿದ್ದು ದೊಡ್ಡ ಮಾತೇನಲ್ಲ, ನೀರು ತಗೊಳ್ಳಲು ಅವಳು ಎದ್ದಳು, ಅದಕ್ಕೆ. ಬಹಳ ದಣಿದಿದ್ದೇನೆ. ಮತ್ತೆ ಮೊದಲಿನಿಂದ ಎಣಿಸಬೇಕಲ್ಲ ಎಂದು ಅಳು ಬರುತ್ತದೆ.

ಆಮೇಲೆ ಅಡುಗೆಮನೆಯ ಹೊಸ್ತಿಲಲ್ಲೇ ಇದನ್ನು ಬರೆಯಲು ಕೂತೆ. ಮೊದಲ ಸಾಲು ಬರೆದ ಮೇಲೆ ಪೆನ್ನು ಮುಂದೆ ಹೋಗಲಿಲ್ಲ. ಯಾರ ಫೋನೋ ಅವಳು ಎರಡು ಮಾರು ದೂರದಲ್ಲಿ ಕೂತಿದ್ದಾಳೆ, ನಾನು ಸಿಂಧನೂರಿಗೆ ಬರೆಯುತ್ತಿದ್ದೇನೆ. "ಅತ್ತಿ, ಇದನ್ನ ಕೇಳು" ಎಂದು ಆ ಸಾಲನ್ನು ಜೋರಾಗಿ ಓದಿದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಇನ್ನೊಮ್ಮಿ ಓದು" ಎಂದಳು. ಇನ್ನೊಮ್ಮೆ ಓದಿದೆ. ಹೆಂಚಿನ ಮೇಲಿನ ರೊಟ್ಟಿ ಹೊತ್ತಿತು.

"ನೀ ಹೇಳಲಿಲ್ಲಂದ್ರ ಯಾರಿಗೂ ಗೊತ್ತಾಗ್ತಿರಲಿಲ್ಲಲ್ಲೋ ತಮ್ಮಾ" ಎಂದಳು.

"ನನಗೊಬ್ಬನಿಗೇ ಗೊತ್ತಿದ್ದು ಗೊತ್ತಿದ್ದು ಸಾಕಾಗ್ಯಾದ ಅತ್ತಿ" ಎಂದೆ.

ಅವಳು ಹೊತ್ತಿದ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿ, ಹಿಟ್ಟಿನ ಕೈಯಿಂದಲೇ ನನ್ನ ಕೈ ಹಿಡಿದುಕೊಂಡಳು. ಆಮೇಲೆ ಹೆಂಚಿಗೆ ಇನ್ನೊಂದು ರೊಟ್ಟಿ ಹಾಕಿದಳು. ನಾಳೆ ಶುಕ್ರವಾರ, ಅತ್ತೆಯೂ ನಾನೂ ಲಿಂಗಸುಗೂರಿನ ಡಾಕ್ಟರ ಹತ್ತಿರ ಹೋಗುತ್ತೇವೆ.

ಪಂಪಾಪತಿ